ಕೈಗೆ ಬರುವ ಸಂಬಳ ಎಷ್ಟು?

ಮಾಸ್ತಿ ಕಡೆಯ ಹುಡುಗ ಹುಡುಗಿಯರು ಐಟಿಐ, ಡಿಪ್ಲೊಮಾ ಮುಗಿಸಿ ಮಾಲೂರಿಗೋ ನರಸಾಪುರಕ್ಕೋ ಕೆಲಸಕ್ಕೆ ಹೊರಟರೆ ಮನೆಯಲ್ಲಿ ಮೊದಲು ಕೇಳುವ ಮಾತು, ‘ಎಷ್ಟು ಕೊಡ್ತಾರಂತೆ?’ ಈ ಪ್ರಶ್ನೆಗೆ ಮೂರು ಉತ್ತರಗಳಿರುತ್ತವೆ.

ಕೆಲಸ ಕೊಡಿಸುವ ಏಜೆನ್ಸಿಯವರು ತಿಂಗಳಿಗೆ 22,000 ಎಂದರು ಅಂತಿಟ್ಟುಕೊಳ್ಳಿ. ಅದು ಸಿಟಿಸಿ, ಅಂದರೆ ನಿಮ್ಮ ಲೆಕ್ಕದಲ್ಲಿ ಕಂಪನಿಗೆ ಬೀಳುವ ಒಟ್ಟು ಖರ್ಚು. ಮೂಲ ವೇತನ, ತುಟ್ಟಿಭತ್ಯೆ ಸೇರಿ 15,000 ಇದ್ದರೆ, ಕಂಪನಿ ಕಟ್ಟುವ ಪಿಎಫ್ 1,800, ಇಎಸ್‌ಐ ಸುಮಾರು 600, ಗ್ರಾಚ್ಯುಟಿಗೆಂದು ಎತ್ತಿಡುವ 700 ಎಲ್ಲವೂ ಆ 22,000ದ ಒಳಗೇ ಇರುತ್ತವೆ. ಸಂಬಳದ ಚೀಟಿಯಲ್ಲಿ ಕಾಣುವುದು 18,900. ಅದರಲ್ಲಿ ನಿಮ್ಮ ಪಾಲಿನ ಪಿಎಫ್ ಮತ್ತೆ 1,800, ಇಎಸ್‌ಐ ನೂರನಲವತ್ತು ಚಿಲ್ಲರೆ ಕಡಿತವಾಗಿ ಕೈಗೆ ಬರುವುದು ಸುಮಾರು 17,000. ‘ಪಿಎಫ್ ಬೇಡ, ಕೈಗೇ ಕೊಡಿ’ ಎನ್ನುವವರಿದ್ದಾರೆ. ದಯವಿಟ್ಟು ಹಾಗೆನ್ನಬೇಡಿ, ಅದು ನಿಮ್ಮದೇ ದುಡ್ಡು.

ಈಗ ಗಂಟೆಯ ಲೆಕ್ಕ. ದಿನಕ್ಕೆ ಎಂಟು ಗಂಟೆಯಂತೆ 26 ದಿನ ದುಡಿದರೆ ಗಂಟೆಗೆ 82 ರೂಪಾಯಿ ಬೀಳುತ್ತದೆ. ಕಂಪನಿ ಬಸ್ಸಿನಲ್ಲಿ ಹೋಗಿಬರಲು ಮೂರು ಗಂಟೆ ಹಿಡಿದರೆ ಅದೇ ಸಂಬಳ ಗಂಟೆಗೆ ಸುಮಾರು 59ಕ್ಕೆ ಇಳಿಯುತ್ತದೆ. ಊರ ಹತ್ತಿರವೇ ಎರಡು ಸಾವಿರ ಕಡಿಮೆಗೆ ಸಿಗುವ ಕೆಲಸವನ್ನು ಇದರ ಪಕ್ಕ ಇಟ್ಟು ನೋಡಿ.

ಸಂಬಳದ ಲೆಕ್ಕ ತಪ್ಪಿದರೆ ಏನಾಗುತ್ತದೆಂದು ನಾವು ಕಂಡಿದ್ದೇವೆ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಲಭೆಯಾಯಿತು. ಕೆಲವು ಕಾರ್ಮಿಕರಿಗೆ ಸರಿಯಾಗಿ, ಹೊತ್ತಿಗೆ ಸರಿಯಾಗಿ ಸಂಬಳ ಸಿಕ್ಕಿರಲಿಲ್ಲವೆಂದು ಕಂಪನಿಯೇ ಆಮೇಲೆ ಒಪ್ಪಿಕೊಂಡಿತು. ಒಡೆದ ಗಾಜು ಎಲ್ಲರಿಗೂ ನೆನಪಿದೆ. ಅದರ ಹಿಂದಿದ್ದ ಹಾಜರಿ ಮತ್ತು ಸಂಬಳದ ಲೆಕ್ಕ ನೆನಪಿರಬೇಕಾದದ್ದು.

ಅನ್ಯಾಯವೆನಿಸಿದಾಗ ಕೆಲಸ ಬಿಟ್ಟವರೂ ಇದ್ದಾರೆ. ನಮ್ಮ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸರ್ಕಾರದ ದೊಡ್ಡ ಅಧಿಕಾರಿಯಾಗಿದ್ದರು. ತಮಗೆ ಸಲ್ಲಬೇಕಾಗಿದ್ದ ಮಂತ್ರಿ ದರ್ಜೆಯ ಸ್ಥಾನ ಕಿರಿಯರೊಬ್ಬರಿಗೆ ಹೋದಾಗ ಕೆಲಸವನ್ನೇ ಬಿಟ್ಟು ಬಂದರು. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಹಾಗೆ ಬಿಟ್ಟು ಬರುವ ಶಕ್ತಿ ಇರುವುದಿಲ್ಲ. ಆದ್ದರಿಂದಲೇ ಸೇರುವ ಮೊದಲು ಕೇಳಬೇಕು. ನೀವು ಸೇರಲಿರುವ ಕಾರ್ಖಾನೆಯಲ್ಲೇ ಎರಡು ವರ್ಷ ದುಡಿದ ಪಕ್ಕದೂರಿನ ಅಕ್ಕನನ್ನೋ ಅಣ್ಣನನ್ನೋ ವಿಚಾರಿಸಿ. ಕಂಪನಿ ರೋಲಿನವರಿಗೆಷ್ಟು, ಕಾಂಟ್ರ್ಯಾಕ್ಟಿನವರಿಗೆಷ್ಟು ಎಂದು ತಿಳಿದುಕೊಳ್ಳಿ. ನಿಮ್ಮ ಕೆಲಸಕ್ಕೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನ ಎಷ್ಟೆಂದು ಕಾರ್ಮಿಕ ಇಲಾಖೆಯಲ್ಲಿ ಕೇಳಿ. ಹೆಚ್ಚುವರಿ ಗಂಟೆಗೆ ಕಾನೂನಿನಂತೆ ಎರಡು ಪಟ್ಟು ಕೂಲಿ ಸಿಗಬೇಕು. ಕೈಗೆ ಬರುವ ಮೊತ್ತವನ್ನು ಕಾಗದದಲ್ಲಿ ಬರೆಸಿಕೊಂಡೇ ಸಹಿ ಹಾಕಿ.