ಅದು ಕೊಲೆಯ ಕೇಸಾಗಿರಲಿಲ್ಲ

(ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳು)



ಇವತ್ತು ನಾವು ಒಂದು ಹಡಗಿನ ವಿಷಯ ಮಾತಾಡೋಣ. ಅದರ ಹೆಸರು ಜಾಂಗ್. ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದ ವಿಲಿಯಂ ಗ್ರೆಗ್ಸನ್ ಮತ್ತು ಅವನ ಪಾಲುದಾರರು ಅದರ ಒಡೆಯರು. 1781ರಲ್ಲಿ ಅದು ಆಫ್ರಿಕಾದಿಂದ 442 ಜನರನ್ನು ತುಂಬಿಕೊಂಡು ಜಮೈಕಾ ದ್ವೀಪದ ಕಡೆ ಹೊರಟಿತು. ತುಂಬಿಕೊಂಡು ಅಂತ ಬೇಕಂತಲೇ ಹೇಳ್ತಿದೀವಿ. ಜನರನ್ನ ಹತ್ತಿಸ್ಕೋತಾರೆ, ಮೂಟೆಗಳನ್ನ ತುಂಬ್ತಾರೆ.

ಕ್ಯಾಪ್ಟನ್ ಲ್ಯೂಕ್ ಕಾಲಿಂಗ್‌ವುಡ್ ಅದಕ್ಕೆ ಮೊದಲು ಹಡಗಿನ ಡಾಕ್ಟರಾಗಿದ್ದವನು, ಹಡಗು ನಡೆಸಿ ಪಳಗಿದವನಲ್ಲ. ಕಿಕ್ಕಿರಿದ ಒಡಲಲ್ಲಿ ರೋಗ ಹಬ್ಬಿತು, ಜನ ಸಾಯತೊಡಗಿದರು. ಜಮೈಕಾ ಕಣ್ಣಿಗೆ ಬಿದ್ದರೂ ಬೇರೆ ದ್ವೀಪ ಅಂತ ತಿಳಿದು ದಾಟಿ ಹೋದರು. ಕುಡಿಯುವ ನೀರು ಸಾಲದು ಅನ್ನೋ ಮಾತೆದ್ದಿತು. ನವೆಂಬರ್ 29ರಂದು 54 ಮಂದಿ ಹೆಂಗಸರು ಮಕ್ಕಳನ್ನು ಹಡಗಿನ ಕಿಟಕಿಯಿಂದ ಸಮುದ್ರಕ್ಕೆ ನೂಕಿದರು. ಡಿಸೆಂಬರ್ 1ರಂದು 42 ಗಂಡಸರನ್ನು. ಆಮೇಲೆ ಇನ್ನೂ 36 ಮಂದಿಯನ್ನು. ಹತ್ತು ಜನ ಇವರ ಕೈಗೆ ಸಿಕ್ಕದೆ ತಾವೇ ಹಾರಿಕೊಂಡರು. ಒಬ್ಬ ಮಾತ್ರ ನೀರಿನಲ್ಲಿ ಹಗ್ಗವೊಂದು ಕೈಗೆ ಸಿಕ್ಕಿ, ಅದನ್ನೇ ಹಿಡಿದು ಮತ್ತೆ ಹಡಗು ಹತ್ತಿದ. ಅವನ ಹೆಸರು ಯಾರೂ ಬರೆದಿಡಲಿಲ್ಲ.

ಸತ್ತವರ ಲೆಕ್ಕ ಒಂದೊಂದು ದಾಖಲೆಯಲ್ಲಿ ಒಂದೊಂದು ಥರ ಇದೆ. ದುಡ್ಡಿನ ಲೆಕ್ಕ ಮಾತ್ರ ತಪ್ಪಲಿಲ್ಲ: ತಲೆಗೆ 30 ಪೌಂಡು.

ಆ ದುಡ್ಡು ಎಲ್ಲಿಯದು? ವಿಮೆಯದು. ಗುಲಾಮ ರೋಗದಿಂದ ಸತ್ತರೆ ಅದು ಸಹಜ ಸಾವು, ನಷ್ಟ ಒಡೆಯನದು. ಮಿಕ್ಕ ಸರಕನ್ನು ಉಳಿಸೋದಕ್ಕೆ ಒಂದಷ್ಟು ಸರಕನ್ನು ಸಮುದ್ರಕ್ಕೆಸೆಯಲೇಬೇಕಾಯಿತು ಅಂದರೆ ನಷ್ಟ ವಿಮೆಗಾರರದು. ಕಾನೂನು ಇದ್ದದ್ದೇ ಹೀಗೆ. ರೋಗಿ ಹಡಗಿನಲ್ಲೇ ಸತ್ತರೆ ಸೊನ್ನೆ, ಸಮುದ್ರದಲ್ಲಿ ಸತ್ತರೆ ಮೂವತ್ತು. ಈ ಸರಳ ಕೂಡು ಕಳೆಯೋ ಲೆಕ್ಕ ಆ ಡಾಕ್ಟರನಿಗೆ ಬರ್ತಿತ್ತು.

ನೀರಿನ ಕತೆಯನ್ನೂ ಕೇಳಿ. ಕೊಲ್ಲುವುದು ಮುಗಿಯುವ ಮೊದಲೇ ಮಳೆ ಬಂದಿತ್ತು. ಡಿಸೆಂಬರ್ 22ಕ್ಕೆ ಹಡಗು ಜಮೈಕಾ ಮುಟ್ಟಿದಾಗ 420 ಗ್ಯಾಲನ್ ನೀರು ಉಳಿದಿತ್ತು, 208 ಜನ ಉಳಿದಿದ್ದರು.

ಒಡೆಯರು ವಿಮೆ ಹಣ ಕೇಳಿದರು. ವಿಮೆಗಾರರು ಕೊಡಲಿಲ್ಲ. 1783ರ ಮಾರ್ಚಿನಲ್ಲಿ ಲಂಡನ್ನಿನ ಜ್ಯೂರಿ ಒಡೆಯರ ಪರ ತೀರ್ಪು ಕೊಟ್ಟಿತು. ವಿಮೆಗಾರರು ಮೇಲೆ ಹೋದರು. ಮೇ ತಿಂಗಳಲ್ಲಿ ಮುಖ್ಯ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಎದುರು ವಾದ ನಡೆಯಿತು. ಸರ್ಕಾರದ ಸಾಲಿಸಿಟರ್ ಜನರಲ್ ಜಾನ್ ಲೀ ಒಡೆಯರ ವಕೀಲನಾಗಿ ನಿಂತು, ಇವರು ಸರಕು, ಇಲ್ಲಿ ಕೊಲೆಯ ಮಾತೆತ್ತುವುದೇ ಹುಚ್ಚುತನ ಅಂತ ವಾದಿಸಿದ. ಜ್ಯೂರಿಯ ಕಣ್ಣಿಗೆ ಇದು ಕುದುರೆಗಳನ್ನು ಎಸೆದ ಹಾಗೇ ಇತ್ತು ಅಂದ ಮ್ಯಾನ್ಸ್‌ಫೀಲ್ಡ್. ಇವನೇನು ಕಟುಕನಲ್ಲ. ಜೇಮ್ಸ್ ಸಾಮರ್‌ಸೆಟ್ ಎಂಬ ಗುಲಾಮನನ್ನು ಬಲವಂತವಾಗಿ ಇಂಗ್ಲೆಂಡಿನಿಂದ ಹೊರಕ್ಕೆ ಸಾಗಿಸಕೂಡದು ಅಂತ 1772ರಲ್ಲಿ ಹೇಳಿದವನೂ ಇವನೇ. ಮಳೆಯ ವಿಷಯ ತಿಳಿದು ಮರುವಿಚಾರಣೆಗೆ ಒಪ್ಪಿದ. ಅದು ನಡೆದದ್ದಕ್ಕೆ ದಾಖಲೆ ಇಲ್ಲ. ಹಡಗಿನ ದಿನಚರಿ ಪುಸ್ತಕವೂ ಸಿಕ್ಕಲಿಲ್ಲ. ಕಾಲಿಂಗ್‌ವುಡ್ ಅಷ್ಟರಲ್ಲಿ ಸತ್ತಿದ್ದ.

ಇಲ್ಲಿ ನಾವು ಗಮನಿಸಬೇಕಾದ್ದೇನು ಅಂದರೆ, ಅಷ್ಟು ಹೊತ್ತೂ ಆ ಕೋರ್ಟಿನಲ್ಲಿ ಕಾದಾಡಿದ ಎರಡು ಪಕ್ಷಗಳೂ ದುಡ್ಡಿನವರದೇ. ಸತ್ತವರ ಕಡೆಯವರು ಅಂತ ಒಂದು ಪಕ್ಷವೇ ಕಾನೂನಿನಲ್ಲಿರಲಿಲ್ಲ.

ಆ ಪಕ್ಷವನ್ನು ಹುಟ್ಟಿಸಿದವರು ಒಲೌದಾ ಈಕ್ವಿಯಾನೊ. ತಾವೇ ಗುಲಾಮರಾಗಿದ್ದು, ಪುಡಿ ವ್ಯಾಪಾರದಲ್ಲಿ ಕಾಸು ಕೂಡಿಟ್ಟು 1766ರಲ್ಲಿ ತಮ್ಮನ್ನು ತಾವೇ ಕೊಂಡು ಬಿಡಿಸಿಕೊಂಡವರು. 1783ರ ಮಾರ್ಚ್ 19ರಂದು ಅವರು ಗ್ರಾನ್‌ವಿಲ್ ಶಾರ್ಪ್ ಎಂಬ ಬಿಳಿಯರ ಮನೆಗೆ ಹೋಗಿ ಸುದ್ದಿ ಮುಟ್ಟಿಸಿದರು. ಶಾರ್ಪ್ ಕೋರ್ಟಿನಲ್ಲಿ ನಡೆದ ಮಾತನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆಸಿ, ಇದು ಕೊಲೆ, ವಿಚಾರಿಸಿ ಅಂತ ನೌಕಾ ಇಲಾಖೆಗೆ ಬರೆದರು. ಯಾರ ಮೇಲೂ ಕೇಸಾಗಲಿಲ್ಲ. ಆದರೆ ಸುದ್ದಿ ನಿಲ್ಲಲಿಲ್ಲ. 1787ರಲ್ಲಿ ಲಂಡನ್ನಿನಲ್ಲಿ ಹನ್ನೆರಡು ಜನ ಸೇರಿ ಗುಲಾಮ ವ್ಯಾಪಾರದ ವಿರುದ್ಧ ಸಂಘ ಕಟ್ಟಿದರು. 1789ರಲ್ಲಿ ಈಕ್ವಿಯಾನೊ ತಮ್ಮ ಬದುಕಿನ ಕತೆ ಬರೆದು, ಊರೂರು ತಿರುಗಿ ತಾವೇ ಮಾರಿದರು. ಸಾವಿರಾರು ಮನೆಗಳವರು ಗುಲಾಮರ ದುಡಿಮೆಯ ಸಕ್ಕರೆ ಬಿಟ್ಟರು. 1807ರಲ್ಲಿ ಬ್ರಿಟನ್ ಈ ವ್ಯಾಪಾರ ನಿಲ್ಲಿಸಿತು.

ಪುಸ್ತಕಗಳು ಇದನ್ನೆಲ್ಲ ದಯಾವಂತ ಬಿಳಿಯರ ಕತೆಯಾಗಿ ಹೇಳ್ತವೆ. 1791ರಲ್ಲಿ ಇಂದಿನ ಹೈಟಿಯ ಗುಲಾಮರು ದಂಗೆಯೆದ್ದು, 1804ರಲ್ಲಿ ತಮ್ಮದೇ ದೇಶ ಕಟ್ಟಿದ್ದನ್ನು ಒಂದು ಸಾಲಿನಲ್ಲಿ ಮುಗಿಸ್ತವೆ. ಜಮೈಕಾದಲ್ಲಿ 1831ರ ಕೊನೆಗೆ ಸ್ಯಾಮ್ ಶಾರ್ಪ್ ಎಂಬ ಗುಲಾಮನ ಮುಂದಾಳತ್ವದಲ್ಲಿ ಜನ ಕೆಲಸ ನಿಲ್ಲಿಸಿ ತಿರುಗಿಬಿದ್ದರು. ಅವರನ್ನು ಗಲ್ಲಿಗೇರಿಸಿದರು. ಮರುವರ್ಷವೇ, 1833ರಲ್ಲಿ, ಗುಲಾಮಗಿರಿ ರದ್ದತಿ ಕಾನೂನು ಬಂತು.

ಆ ಕಾನೂನಿನಲ್ಲೂ ಅದೇ ವಿಮೆಯ ಬುದ್ಧಿ! ಪರಿಹಾರ 2 ಕೋಟಿ ಪೌಂಡು, ಅದೂ ಸರಕು ಕಳಕೊಂಡ ಒಡೆಯರಿಗೆ. ಬಿಡುಗಡೆಯಾದವರಿಗೆ ಬಿಡಿಗಾಸಿಲ್ಲ. ಮೇಲಾಗಿ ಕೆಲಸ ಕಲಿಯೋ ನೆಪದಲ್ಲಿ 1838ರವರೆಗೆ ಅದೇ ಒಡೆಯರ ಹೊಲಗಳಲ್ಲಿ ಬಿಟ್ಟಿ ದುಡಿಮೆ. ಆ ಪರಿಹಾರಕ್ಕೆ ಮಾಡಿದ ಸಾಲವನ್ನು ಬ್ರಿಟಿಷ್ ಜನ ತೆರಿಗೆ ಕಟ್ಟಿ ತೀರಿಸಿ ಮುಗಿಸಿದ್ದು 2015ರಲ್ಲಿ.

ಈಸ್ಟ್ ಇಂಡಿಯಾ ಕಂಪನಿಯ ಸೀಮೆಗಳನ್ನು ಆ ಕಾನೂನು ಹೊರಗಿಟ್ಟಿತ್ತು. ಇಲ್ಲಿಗೆ ಬೇರೆ ಕಾನೂನು ಬಂದದ್ದು 1843ರಲ್ಲಿ. ಅಮೆರಿಕದಲ್ಲೂ ಗುಲಾಮಗಿರಿ ರದ್ದಾದ ಮೇಲೆ, 1873ರಲ್ಲಿ ಪುಣೆಯ ಜ್ಯೋತಿಬಾ ಫುಲೆ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಅದಕ್ಕಾಗಿ ದುಡಿದ ಆ ದೇಶದ ಜನರಿಗೇ ಅರ್ಪಿಸಿದರು. ನಾಳೆ ಬೆಳಿಗ್ಗೆ ನಾವು ಓದೋದು ಆ ಪುಸ್ತಕವನ್ನೇ.