ಲಿವರ್ ಕಸಿಯ ತಪಾಸಣೆ ಹೊಸಪೇಟೆಯಲ್ಲೇ ಶುರುವಾಗಲಿ



ವೈದ್ಯಕೀಯದ ಮಾತು ಕನ್ನಡದಲ್ಲಿ ಜನರಿಗೆ ಮುಟ್ಟಲಿ ಎಂಬ ಆಸೆಯಿಂದ ಇಟ್ಟ ದತ್ತಿಯ ಉಪನ್ಯಾಸ ಇದು. ಲಿವರ್ ಕೆಟ್ಟ ರೋಗಿಗೆ ಕಸಿ ಬೇಕೇ ಎಂಬುದನ್ನು ಹೇಗೆ ತೀರ್ಮಾನಿಸುತ್ತಾರೆ ಎಂಬುದು ಇಂದಿನ ವಿಷಯ. ತೀರ್ಮಾನ ಬೆಂಗಳೂರಿನಲ್ಲಿ ಆಗಬಹುದು, ಆದರೆ ಮೊದಲ ಹೆಜ್ಜೆಯನ್ನು ಇಲ್ಲಿ ಹೊಸಪೇಟೆಯಲ್ಲಿಯೇ, ಹೊತ್ತು ಮೀರುವ ಮುನ್ನ ಇಡಬೇಕು. ನಾನು ಹೇಳಬೇಕೆಂದಿರುವುದು ಇದನ್ನೇ.

1963ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜಲ್ ಮನುಷ್ಯನಿಗೆ ಮೊದಲ ಬಾರಿಗೆ ಲಿವರ್ ಕಸಿ ಮಾಡಿದರು. ನಮ್ಮ ದೇಶದಲ್ಲಿ 1994ರಲ್ಲಿ ಅಂಗಾಂಗ ಕಸಿ ಕಾಯ್ದೆ ಬಂತು. 1998ರಲ್ಲಿ ದೆಹಲಿಯಲ್ಲಿ ತಂದೆಯೊಬ್ಬರು ಕೊಟ್ಟ ಲಿವರಿನ ಭಾಗದಿಂದ ಪುಟ್ಟ ಮಗು ಬದುಕಿತು. ಇಂದು ಬೆಂಗಳೂರಿನಲ್ಲಿ ಇದು ಅಪರೂಪದ ಶಸ್ತ್ರಚಿಕಿತ್ಸೆಯಲ್ಲ.

ಆದರೂ ನಮ್ಮ ಸೀಮೆಯ ರೋಗಿ ಅಲ್ಲಿಗೆ ಮುಟ್ಟುವುದು ತಡವಾಗಿ. ಕಾಮಣಿ ಆಯಿತೆಂದರೆ ಮೊದಲು ಬೇರಿನ ಔಷಧಿ, ಆಮೇಲೆ ಕೈಗೆ ಬರೆ, ಕೊನೆಗೆ ಆಸ್ಪತ್ರೆ. ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗುವ ರೋಗ, ಇರುವವರ ಹೊಟ್ಟೆಯಲ್ಲಿ ನೀರು ತುಂಬಿದರೆ, ರಕ್ತವಾಂತಿಯಾದರೆ, ಹಗಲು ರಾತ್ರಿಯ ಪರಿವೆ ತಪ್ಪಿ ಮಂಕು ಕವಿದರೆ, ಈ ಮೂರರಲ್ಲಿ ಒಂದೇ ಒಂದು ಕಾಣಿಸಿದರೂ ಕಸಿ ತಜ್ಞರಿಗೆ ತೋರಿಸುವ ಕಾಲ ಬಂತೆಂದು ತಿಳಿಯಬೇಕು. ನೀರು ತೆಗೆಸಿ ಮನೆಗೆ ಕಳಿಸಿದರೆ ಕೆಲಸ ಮುಗಿಯಲಿಲ್ಲ.

ತಜ್ಞರು ಮೊದಲು ನೋಡುವುದು ರೋಗದ ತೀವ್ರತೆಯನ್ನು. ಅದಕ್ಕೆ ‘ಮೆಲ್ಡ್’ ಎಂಬ ಅಂಕವಿದೆ. ಬಿಲಿರುಬಿನ್, ರಕ್ತ ಹೆಪ್ಪುಗಟ್ಟುವುದನ್ನು ತೋರಿಸುವ ಐಎನ್‌ಆರ್, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್, ಈ ಮೂರರಿಂದ 6ರಿಂದ 40ರವರೆಗಿನ ಅಂಕ ಬರುತ್ತದೆ. ಈಗ ಸೋಡಿಯಂ ಅನ್ನೂ ಸೇರಿಸುತ್ತಾರೆ. 15 ದಾಟಿದರೆ ಸಾಮಾನ್ಯವಾಗಿ ಕಸಿಯ ಯೋಚನೆ. ಒಬ್ಬರ ಬಿಲಿರುಬಿನ್ 3, ಐಎನ್‌ಆರ್ 1.8, ಕ್ರಿಯಾಟಿನಿನ್ 1 ಎನ್ನಿ. ಮೂಲ ಸೂತ್ರದಂತೆ ಅಂಕ 17. ಉಳಿದದ್ದು ಹಾಗೆಯೇ ಇದ್ದು ಕ್ರಿಯಾಟಿನಿನ್ ಮಾತ್ರ 2 ಆದರೆ ಅಂಕ 24ಕ್ಕೆ ಜಿಗಿಯುತ್ತದೆ. ಗದ್ದೆಯಲ್ಲಿ, ಗಣಿಯಲ್ಲಿ ದುಡಿದ ಮೈನೋವಿಗೆ ಹಾಕಿಸಿಕೊಂಡ ಡೈಕ್ಲೋಫೆನಾಕ್ ಇಂಜೆಕ್ಷನ್ ಇಂಥ ರೋಗಿಯ ಕಿಡ್ನಿಯನ್ನು ಹೀಗೆ ಕೆಡಿಸಬಲ್ಲದು. ಅದನ್ನು ತಡೆಯಲು ಬೆಂಗಳೂರು ಬೇಕಿಲ್ಲ.

ಅಂಕ ಕಡಿಮೆಯಿದ್ದೂ ಕಸಿ ಬೇಕಾಗುವವರಿದ್ದಾರೆ. ಲಿವರಿನಲ್ಲೇ ಕ್ಯಾನ್ಸರ್ ಗಡ್ಡೆ ಎದ್ದವರಿಗೆ 1996ರ ಮಿಲಾನ್ ಮಾನದಂಡವಿದೆ: ಒಂದೇ ಗಡ್ಡೆಯಾದರೆ 5 ಸೆಂಟಿಮೀಟರ್ ಒಳಗೆ, ಎರಡು ಮೂರಿದ್ದರೆ ಒಂದೊಂದೂ 3 ಸೆಂಟಿಮೀಟರ್ ಒಳಗೆ ಇರಬೇಕು, ರಕ್ತನಾಳಕ್ಕಾಗಲಿ ಲಿವರಿನಾಚೆಗಾಗಲಿ ಹಬ್ಬಿರಬಾರದು. ಸಿರೋಸಿಸ್ ಇರುವವರು ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿಕೊಳ್ಳಬೇಕೆನ್ನುವುದು ಇದಕ್ಕಾಗಿ.

ಎರಡನೆಯದು ದೇಹದ ತಾಳಿಕೆ. ಎಕೋ ಮಾಡಿ ಹೃದಯ ನೋಡುತ್ತಾರೆ, ಶ್ವಾಸಕೋಶವನ್ನೂ ಪರೀಕ್ಷಿಸುತ್ತಾರೆ. ಸಿಟಿ ಸ್ಕ್ಯಾನಿನಲ್ಲಿ ಲಿವರಿನ ರಕ್ತನಾಳ ಕಟ್ಟಿದೆಯೇ ಎಂದು ನೋಡುತ್ತಾರೆ. ಟಿಬಿ, ಎಚ್‌ಐವಿ, ಕೊನೆಗೆ ಹಲ್ಲಿನ ಹುಳುಕನ್ನೂ ಬಿಡುವುದಿಲ್ಲ. ಕಸಿಯ ನಂತರ ಜೀವನಪೂರ್ತಿ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗಬೇಕು, ಆಗ ಸಣ್ಣ ಸೋಂಕೂ ದೊಡ್ಡದಾಗುತ್ತದೆ.

ಮೂರನೆಯದು ಮನಸ್ಸು ಮತ್ತು ಮನೆ. ಕುಡಿತದಿಂದ ಲಿವರ್ ಕಳೆದುಕೊಂಡವರಿಗೆ ಆರು ತಿಂಗಳು ಕುಡಿಯದೆ ಇರಬೇಕೆಂಬ ರೂಢಿ ಹಲವೆಡೆ ಇದೆ. ಅದು ಶಿಕ್ಷೆಯಲ್ಲ. ಕುಡಿತ ಬಿಟ್ಟು ಕೆಲವರು ಕಸಿಯೇ ಬೇಡವೆನ್ನುವಷ್ಟು ಚೇತರಿಸಿಕೊಳ್ಳುತ್ತಾರೆ. ಅಷ್ಟು ದಿನ ಉಳಿಯಲಾರದ ರೋಗಿಗೆ ಮಾತ್ರ ಕ್ಯಾಲೆಂಡರ್ ತೋರಿಸಿ ಬಾಗಿಲು ಹಾಕಬಾರದು. ಅಂಥ ರೋಗಿಗಳಿಗೆ ಕಾಯಿಸದೆ ಕಸಿ ಮಾಡಿ ನೋಡಿದ, 2011ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದ ನಂತರ ವೈದ್ಯಲೋಕವೂ ಈ ರೂಢಿಯನ್ನು ಮರುವಿಚಾರ ಮಾಡುತ್ತಿದೆ. ಕುಡುಕನೆಂದು ತುಚ್ಛವಾಗಿ ಕಂಡು ರೋಗಿಯನ್ನು ತಜ್ಞರ ಹತ್ತಿರಕ್ಕೇ ಕಳಿಸದಿರುವುದು ಅನ್ಯಾಯ.

ಲಿವರ್ ಬರುವ ದಾರಿ ಎರಡು. ಹತ್ತಿರದ ಸಂಬಂಧಿ ತಮ್ಮ ಲಿವರಿನ ಭಾಗ ಕೊಡಬಹುದು. ಕೊಟ್ಟವರಲ್ಲಿ ಸುಮಾರು ಮೂರನೆಯ ಒಂದು ಪಾಲಾದರೂ ಉಳಿಯಬೇಕು, ಅದು ಕೆಲವೇ ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಆದರೂ ದಾನಿಗೆ ಅಪಾಯ ಇಲ್ಲವೆನ್ನಲಾಗದು. ಮನೆಯ ಸೊಸೆಯನ್ನೋ ಹೆಂಡತಿಯನ್ನೋ ಒತ್ತಾಯದಿಂದ ಒಪ್ಪಿಸಿಲ್ಲವೆಂದು ಖಾತ್ರಿ ಮಾಡಿಕೊಳ್ಳುವುದೂ ತಪಾಸಣೆಯ ಭಾಗವೇ.

ಇನ್ನೊಂದು ದಾರಿ ಮಿದುಳು ನಿಷ್ಕ್ರಿಯಗೊಂಡವರ ದಾನ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯಗೊಂಡಾಗ ಮನೆಯವರು ಆ ದುಃಖದಲ್ಲೂ ಇದಕ್ಕೆ ಒಪ್ಪಿದ್ದನ್ನು ನಾಡು ಕಂಡಿದೆ. ಹೀಗೆ ಬಂದ ಅಂಗಗಳ ಹಂಚಿಕೆಯನ್ನು ರಾಜ್ಯದ ‘ಜೀವಸಾರ್ಥಕತೆ’ ನೋಡಿಕೊಳ್ಳುತ್ತದೆ. ತೆಗೆದ ಲಿವರನ್ನು ಸುಮಾರು ಹನ್ನೆರಡು ಗಂಟೆಯೊಳಗೆ ಜೋಡಿಸಬೇಕು. ಕರೆ ನಡುಹಗಲಿಗೆ ಬಂದರೆ ಕಂಪ್ಲಿಯ ರೋಗಿ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್‌ಗೆ ಕಾಯುವಂತಿಲ್ಲ. ಯಾವ ಗಾಡಿ, ಯಾರು ಜೊತೆಗೆ, ಬೆಂಗಳೂರಿನಲ್ಲಿ ಎಲ್ಲಿ ಉಳಿಯುವುದು ಎಂಬುದೆಲ್ಲ ಮೊದಲೇ ಗೊತ್ತಾಗಿರಬೇಕು. ದೂರದ ಊರಿನವರಿಗೆ ಇದೂ ರಕ್ತಪರೀಕ್ಷೆಯಷ್ಟೇ ಮುಖ್ಯ.

ಹಣದ ಭಯ ನಿಜವೇ. ಆದರೆ ಬಿಪಿಎಲ್ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಕಸಿಗೆ ಸರ್ಕಾರದ ನೆರವಿದೆ. 2018ರಿಂದ ರಾಷ್ಟ್ರೀಯ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ ಮತ್ತು ಸಿಗೆ ಉಚಿತ ಚಿಕಿತ್ಸೆಯೂ ಇದೆ. ಕಸಿಯ ತನಕ ಹೋಗದಂತೆ ತಡೆಯುವ ದಾರಿ ಅದು.

ಇಲ್ಲಿರುವ ಯುವ ವೈದ್ಯರಲ್ಲಿ ನನ್ನ ಕೋರಿಕೆ: ಹೊಟ್ಟೆಯಲ್ಲಿ ನೀರು ತುಂಬಿದ ಸಿರೋಸಿಸ್ ರೋಗಿ ಬಂದ ದಿನವೇ ಮೆಲ್ಡ್ ಅಂಕ ಲೆಕ್ಕಹಾಕಿ, ಚೀಟಿಯಲ್ಲಿ ಬರೆದು ಕಳಿಸಿ. ಕಸಿ ಆಗದು ಎಂಬ ಉತ್ತರ ಬಂದರೂ ಬರಲಿ. ಆ ಉತ್ತರ ತಪಾಸಣೆ ಮಾಡಿದವರಿಂದ ಬರಬೇಕು, ನಮ್ಮ ಊಹೆಯಿಂದಲ್ಲ. ಬೆಂಗಳೂರಿನವರಿಗೆ ಇರುವಷ್ಟೇ ಹಕ್ಕು ಸಂಡೂರಿನ ಗಣಿ ಕಾರ್ಮಿಕನಿಗೂ ಇದೆ.