ಕೇಳಿದ್ದು ಕಲಿಕೆಯಾಗಲು: ರೈತರ ಶಿಕ್ಷಣದಲ್ಲಿ ಮೊಬೈಲ್ ಫೋನ್
(ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿಯಲ್ಲಿ ನೀಡಿದ ಭಾಷಣ)



ಮೊಬೈಲ್ ಇಲ್ಲದ ಮನೆ ಇಂದು ಹಳ್ಳಿಗಳಲ್ಲಿಯೂ ವಿರಳ. ಮಳೆಯ ಮುನ್ಸೂಚನೆ, ಮಾರುಕಟ್ಟೆಯ ಧಾರಣೆ, ಬ್ಯಾಂಕಿನ ಲೆಕ್ಕ ಎಲ್ಲವೂ ಅಂಗೈಯಲ್ಲಿ ಸಿಗುತ್ತವೆ. ಆದರೆ ಸುದ್ದಿ ತಿಳಿಯುವುದು ಬೇರೆ, ಕೆಲಸ ಕಲಿಯುವುದು ಬೇರೆ. ಮಳೆ ಬರುತ್ತದೆಂಬ ಸುದ್ದಿ ಕೇಳಿದರೆ ಸಾಕು, ತಿಳಿದಂತಾಯಿತು. ಮೇಕೆಮರಿಗೆ ಗಿಣ್ಣುಹಾಲನ್ನು ಯಾವಾಗ, ಎಷ್ಟು ಕುಡಿಸಬೇಕೆಂಬುದನ್ನು ಹತ್ತು ಬಾರಿ ಕೇಳಿದರೂ, ಕೊಟ್ಟಿಗೆಯಲ್ಲಿ ಕುಳಿತು ಕುಡಿಸಿ ನೋಡದ ಹೊರತು ಅದು ಕಲಿತಂತಾಗುವುದಿಲ್ಲ. ಫೋನಿನಲ್ಲಿ ಬಂದ ಮಾತು ಕೊಟ್ಟಿಗೆಯ ಕೆಲಸವಾಗುವುದು ಹೇಗೆ ಎಂಬುದೇ ಇಂದಿನ ವಿಷಯ.

ದೂರದಿಂದ ಪಾಠ ಹೇಳುವ ಪ್ರಯತ್ನ ಹೊಸದೇನಲ್ಲ. 1956ರಲ್ಲಿ ಆಕಾಶವಾಣಿಯ ಪುಣೆ ಕೇಂದ್ರವು ಯುನೆಸ್ಕೋ ನೆರವಿನಿಂದ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ರೇಡಿಯೋ ಕೂಟಗಳನ್ನು ಏರ್ಪಡಿಸಿತು. ವಾರಕ್ಕೆ ಎರಡರಂತೆ ಒಟ್ಟು 20 ಕಾರ್ಯಕ್ರಮಗಳು ಪ್ರಸಾರವಾದವು. ಹಳ್ಳಿಯವರು ಒಂದೆಡೆ ಕುಳಿತು ಕೇಳುವುದು, ಕೇಳಿದ ಮೇಲೆ ಚರ್ಚಿಸುವುದು, ಎದ್ದ ಪ್ರಶ್ನೆಗಳನ್ನು ಬರೆದು ಕೇಂದ್ರಕ್ಕೆ ಕಳುಹಿಸುವುದು, ಇದು ಕ್ರಮ. 'ಕೇಳಿ, ಚರ್ಚಿಸಿ, ಮಾಡಿ' ಎಂಬುದು ಅದರ ಘೋಷಣೆ. ಪ್ರಯೋಗದ ಕೊನೆಯಲ್ಲಿ ಪರೀಕ್ಷಿಸಿದಾಗ ಕೂಟವಿದ್ದ ಹಳ್ಳಿಗಳಲ್ಲಿ ತಿಳಿವಳಿಕೆ ಬಹಳವಾಗಿ ಹೆಚ್ಚಿತ್ತು. ರೇಡಿಯೋ ಮಾತ್ರ ಇದ್ದು ಕೂಟವಿಲ್ಲದ ಹಳ್ಳಿಗಳಲ್ಲಿ ಹೆಚ್ಚಳ ಅತ್ಯಲ್ಪ. ಎರಡೂ ಕಡೆ ಯಂತ್ರ ಒಂದೇ, ಧ್ವನಿಯೂ ಒಂದೇ. ವ್ಯತ್ಯಾಸವಾದದ್ದು ಕೇಳಿದ ನಂತರದ ಅರ್ಧ ಗಂಟೆಯ ಮಾತುಕತೆಯಿಂದ.

ಕರ್ನಾಟಕಕ್ಕೂ ಇಂಥ ಒಂದು ಅನುಭವವಿದೆ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ 'ಸೈಟ್' ಎಂಬ ಉಪಗ್ರಹ ದೂರದರ್ಶನ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಬಂದಿತ್ತು. ಅವುಗಳಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಬೆಳಿಗ್ಗೆ ಮಕ್ಕಳಿಗೆ ಪಾಠ. ಸಂಜೆ ದೊಡ್ಡವರಿಗೆ ಬೇಸಾಯ ಹಾಗೂ ಆರೋಗ್ಯದ ಕಾರ್ಯಕ್ರಮಗಳು, ಕನ್ನಡದಲ್ಲೇ. ಉಪಗ್ರಹ ಅಮೆರಿಕದಿಂದ ಒಂದು ವರ್ಷದ ಮಟ್ಟಿಗೆ ದೊರೆತದ್ದಾದ್ದರಿಂದ ಅವಧಿ ಮುಗಿದೊಡನೆ ಆ ಪ್ರಸಾರವೂ ನಿಂತಿತು. ಆಗ ಒಂದು ಟಿ.ವಿ.ಯ ಮುಂದೆ ಊರಿಗೆ ಊರೇ ಕೂಡುತ್ತಿತ್ತು. ಈಗ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪರದೆ. ಅನುಕೂಲ ಹೆಚ್ಚಿತು ನಿಜ. ಕೂಡಿ ನೋಡುವ, ನೋಡಿದ್ದನ್ನು ಚರ್ಚಿಸುವ ಪದ್ಧತಿ ಮಾತ್ರ ತಪ್ಪಿಹೋಯಿತು.

ಫೋನಿನ ಕಲಿಕೆಯಲ್ಲಿ ಆ ಪದ್ಧತಿಯನ್ನು ಮತ್ತೆ ತಂದವರು ತಮಿಳುನಾಡಿನ ತೇನಿ ಜಿಲ್ಲೆಯ ಮೇಕೆ ಸಾಕುವ ಹೆಣ್ಣುಮಕ್ಕಳು. ಕಾಮನ್‌ವೆಲ್ತ್ ಆಫ್ ಲರ್ನಿಂಗ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು 2004ರಲ್ಲಿ ರೈತರಿಗಾಗಿ ಆಜೀವ ಕಲಿಕೆಯ ಕಾರ್ಯಕ್ರಮವನ್ನು ಆರಂಭಿಸಿತು. ತೇನಿಯಲ್ಲಿ ಅದನ್ನು ನಡೆಸಿದ್ದು 'ವಿಡಿಯಲ್' ಎಂಬ ಸ್ವಯಂಸೇವಾ ಸಂಸ್ಥೆ. 2008ರ ಸುಮಾರಿಗೆ ಅಲ್ಲಿನ ಸ್ವಸಹಾಯ ಸಂಘಗಳ ಮುನ್ನೂರಕ್ಕೂ ಹೆಚ್ಚು ಮಹಿಳೆಯರು ಮೇಕೆ ಸಾಕಣೆಗೆ ಬ್ಯಾಂಕ್ ಸಾಲ ಪಡೆದರು. ಸಾಲದ ಪಟ್ಟಿಯಲ್ಲಿದ್ದುದು ಒಂಬತ್ತು ಹೆಣ್ಣು ಮೇಕೆ, ಒಂದು ಹೋತ, ಒಂದು ಮೊಬೈಲ್ ಫೋನ್. ಫೋನನ್ನು ಶೋಕಿಯ ವಸ್ತುವೆಂದು ಎಣಿಸದೆ, ಮೇಕೆಯಂತೆಯೇ ಉತ್ಪಾದನೆಯ ಸಾಧನವೆಂದು ಎಣಿಸಿದ್ದು ಇಲ್ಲಿಯ ವಿಶೇಷ.

ಫೋನಿಗೆ ಬರುತ್ತಿದ್ದ ಪಾಠಗಳು ಬರಹದಲ್ಲಿರಲಿಲ್ಲ, ಧ್ವನಿಯಲ್ಲಿದ್ದವು. ಒಂದೊಂದು ಪಾಠ ಸುಮಾರು ಒಂದು ನಿಮಿಷದ್ದು, ತಮಿಳಿನಲ್ಲಿ, ಅವರ ಆಡುಮಾತಿಗೆ ಹತ್ತಿರವಾದದ್ದು. ಓದು ಬಾರದವರೂ ಮೇಕೆ ಮೇಯಿಸುತ್ತಲೇ ಕೇಳಬಹುದಾಗಿತ್ತು. ಕೇಳಿದ್ದನ್ನು ಸಂಘದ ಸಭೆಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುವರು. ಒಬ್ಬಾಕೆ ಮಾಡಿ ನೋಡಿದ್ದನ್ನು ಇನ್ನೊಬ್ಬಾಕೆ ಪ್ರಶ್ನಿಸುವಳು. ಪುಣೆಯ ರೇಡಿಯೋ ಕೂಟವೇ ಐವತ್ತು ವರ್ಷಗಳ ನಂತರ ಸ್ವಸಹಾಯ ಸಂಘದ ಚಾಪೆಯ ಮೇಲೆ ಬಂದು ಕುಳಿತಂತಾಯಿತು. ಸಾಲ ತೀರಿಸುವ ಹೊಣೆ ತಲೆಯ ಮೇಲಿದ್ದುದರಿಂದ ಪಾಠ ಕೇಳುವವರಿಗೆ ನಿಜವಾದ ಗರಜು ಇತ್ತು ಎಂಬುದನ್ನೂ ಗಮನಿಸಬೇಕು. ಒಂದು ಮರಿ ಸತ್ತರೆ ಒಂದು ಕಂತಿಗೆ ಕುತ್ತು. ಇಂಥವರಿಗೆ ಕಳುಹಿಸುವ ಪಾಠದಲ್ಲಿ ಪೊಳ್ಳು ಮಾತಿಗೆ ಎಡೆಯಿಲ್ಲ.

ಒಂದು ನಿಮಿಷದ ಪಾಠ ಹೇಗಿರಬೇಕು? ಮೇಕೆಯದೇ ಉದಾಹರಣೆ ತೆಗೆದುಕೊಳ್ಳಬಹುದು. 'ಮರಿ ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ. ಎರಡು ಕಿಲೋ ತೂಕದ ಮರಿಗೆ ಮೊದಲ ದಿನ ಒಟ್ಟು 200 ಮಿಲಿಲೀಟರ್, ಅಂದರೆ ಒಂದು ದೊಡ್ಡ ಲೋಟದಷ್ಟು, ನಾಲ್ಕೈದು ಸಲಕ್ಕೆ ಹಂಚಿ ಕೊಡಿ. ರೋಗ ತಡೆಯುವ ಶಕ್ತಿ ಮರಿಗೆ ಬರುವುದು ಈ ಹಾಲಿನಿಂದಲೇ. ಒಂದು ದಿನ ಕಳೆದ ಮೇಲೆ ಮರಿಯ ಕರುಳು ಆ ಶಕ್ತಿಯನ್ನು ಹೀರಿಕೊಳ್ಳುವುದಿಲ್ಲ.' ಇಷ್ಟೇ ಸಾಕು. ಒಂದು ಪಾಠ, ಒಂದು ಕೆಲಸ, ಒಂದು ಅಳತೆ, ಒಂದು ಕಾರಣ. ಕಾರಣವನ್ನು ಬಿಟ್ಟು ಬರೀ ಆಜ್ಞೆ ಹೊರಡಿಸಿದರೆ, 'ಮಾಸು ಬೀಳುವ ತನಕ ಹಾಲು ಕುಡಿಸಬಾರದು' ಎಂಬ ಹಳೆಯ ನಂಬಿಕೆಯೇ ಗೆಲ್ಲುತ್ತದೆ. ಗಿಣ್ಣುಹಾಲಿನ ಜೊತೆಗೆ ಜಂತುಹುಳು, ಲಸಿಕೆ, ಮೇವು ಎಲ್ಲವನ್ನೂ ತುರುಕಿದರಂತೂ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ.

ಚಿಕ್ಕದು ಮಾಡುವ ಭರದಲ್ಲಿ ಮುಖ್ಯವಾದದ್ದನ್ನೇ ಬಿಡುವ ಅಪಾಯವೂ ಉಂಟು. 'ಮುಂಗಾರಿಗೆ ಮುನ್ನ ಮೇಕೆಗಳಿಗೆಲ್ಲ ಅಲ್ಬೆಂಡಜೋಲ್ ಕುಡಿಸಿ' ಎಂದು ಸಂದೇಶ ಹೋಯಿತೆನ್ನಿ. ಕೇಳಲು ಸರಿಯಾಗಿಯೇ ಇದೆ. ಆದರೆ ಗಬ್ಬಕಟ್ಟಿದ ಮೊದಲ ತಿಂಗಳಲ್ಲಿರುವ ಮೇಕೆಗೆ ಈ ಔಷಧಿ ಕೊಡಬಾರದು. ಹೊಟ್ಟೆಯ ಮರಿಗೆ ಅಪಾಯ. ಒಂದು ವಾಕ್ಯ ಬಿಟ್ಟುಹೋದರೆ ನೂರಾರು ಮನೆಗಳಿಗೆ ಒಂದೇ ಕ್ಷಣದಲ್ಲಿ ಒಂದೇ ತಪ್ಪು ತಲಪುತ್ತದೆ. ಸಭೆಯಲ್ಲಿ ಆಡಿದ ಮಾತಾದರೆ ಯಾರಾದರೂ ಎದ್ದುನಿಂತು 'ಗಬ್ಬದ ಮೇಕೆಗೂ ಕೊಡಬಹುದೇ?' ಎಂದು ಕೇಳಿಯಾರು. ಫೋನಿಗೆ ಕೇಳುವವರಾರು? ಆದ್ದರಿಂದ ಪಾಠವನ್ನು ಕಳುಹಿಸುವ ಮುನ್ನ ಪಶುವೈದ್ಯರು ಒಮ್ಮೆ, ಮೇಕೆ ಸಾಕುವ ಇಬ್ಬರು ಮಹಿಳೆಯರು ಒಮ್ಮೆ ಕೇಳಿ ನೋಡತಕ್ಕದ್ದು. ವೈದ್ಯರು ತಪ್ಪನ್ನು ಹಿಡಿಯುತ್ತಾರೆ. ಅರ್ಥವಾಗದ ಮಾತನ್ನು ಹಿಡಿಯುವವರು ಆ ಮಹಿಳೆಯರೇ.

ಪಾಠವನ್ನು ಯಾರ ಬಾಯಿಂದ ಹೇಳಿಸಬೇಕೆಂಬುದೂ ಸಣ್ಣ ವಿಷಯವಲ್ಲ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ 2006ರಲ್ಲಿ ಮೊಳೆತ 'ಡಿಜಿಟಲ್ ಗ್ರೀನ್' ಯೋಜನೆಯು, ರೈತರೇ ತಮ್ಮ ಹೊಲದಲ್ಲಿ ಮಾಡಿ ತೋರಿಸುವ ಕೆಲಸವನ್ನು ಚಿತ್ರೀಕರಿಸಿ ಅಕ್ಕಪಕ್ಕದ ಹಳ್ಳಿಗಳಲ್ಲಿ ತೋರಿಸಿತು. ಚಿತ್ರ ಹಾಕಿ ಸುಮ್ಮನಿರುವಂತಿಲ್ಲ. ಊರಿನವರೇ ಒಬ್ಬರು ಅಲ್ಲಲ್ಲಿ ಚಿತ್ರ ನಿಲ್ಲಿಸಿ ಪ್ರಶ್ನೆ ಕೇಳಬೇಕು, ಉತ್ತರಿಸಬೇಕು, ಯಾರು ಮಾಡಿ ನೋಡಿದರೆಂದು ಬರೆದಿಡಬೇಕು. 16 ಹಳ್ಳಿಗಳಲ್ಲಿ 13 ತಿಂಗಳು ಹೋಲಿಸಿ ನೋಡಿದಾಗ, ಹಳೆಯ ತರಬೇತಿ-ಭೇಟಿ ಪದ್ಧತಿಗಿಂತ ಕೆಲವು ಬೇಸಾಯ ಕ್ರಮಗಳ ಅಳವಡಿಕೆ ಏಳು ಪಟ್ಟು ಹೆಚ್ಚಿತ್ತೆಂದು 2009ರಲ್ಲಿ ವರದಿಯಾಯಿತು. ಇಲ್ಲಿಯೂ ಗೆದ್ದದ್ದು ಪರದೆಯೊಂದೇ ಅಲ್ಲ, ಅದರ ಪಕ್ಕದಲ್ಲಿ ನಿಂತ ಮನುಷ್ಯ.

ಗುಜರಾತಿನಲ್ಲಿ 'ಅವಾಜ್ ಓಟಲೋ', ಅಂದರೆ ಧ್ವನಿಯ ಜಗಲಿ, ಎಂಬ ಫೋನ್ ಸೇವೆ ನಡೆಯಿತು. ರೈತರು ಕರೆ ಮಾಡಿ ತಮ್ಮ ಪ್ರಶ್ನೆಯನ್ನು ಧ್ವನಿಯಲ್ಲೇ ಬಿಡಬಹುದು, ಇತರರ ಪ್ರಶ್ನೋತ್ತರ ಕೇಳಬಹುದು. ಅಲ್ಲಿ ಒಂದು ಸ್ವಾರಸ್ಯವಾದ ಪರೀಕ್ಷೆ ನಡೆಯಿತು. ಒಂದೇ ಸಲಹೆಯನ್ನು ಕೆಲವರಿಗೆ ಕೃಷಿ ವಿಜ್ಞಾನಿಯ ಧ್ವನಿಯಲ್ಲಿ, ಕೆಲವರಿಗೆ ರೈತನ ಧ್ವನಿಯಲ್ಲಿ ಕೇಳಿಸಲಾಯಿತು. ಯಾರ ಮಾತು ಬೇಕೆಂದು ಕೇಳಿದಾಗ ರೈತರು ಹೇಳಿದ್ದು ವಿಜ್ಞಾನಿಯ ಮಾತೆಂದು. ಹೆಚ್ಚಿನ ವಿವರಕ್ಕಾಗಿ ಮರಳಿ ಕರೆ ಮಾಡಿದ್ದು ಮಾತ್ರ ರೈತನ ಧ್ವನಿ ಕೇಳಿದಾಗಲೇ ಹೆಚ್ಚು. ವಿಶ್ವವಿದ್ಯಾನಿಲಯದವರು ಇದಕ್ಕೆ ಮುಖ ಸಣ್ಣದು ಮಾಡಿಕೊಳ್ಳಬೇಕಾಗಿಲ್ಲ. ವಿಷಯವನ್ನು ವಿಜ್ಞಾನಿ ಒದಗಿಸಲಿ, ಹೇಳುವುದನ್ನು ಅನುಭವಸ್ಥ ರೈತನಿಗೆ ಬಿಡಲಿ.

ಇನ್ನು ಆನ್‌ಲೈನ್ ಕೋರ್ಸುಗಳ ವಿಚಾರ. ಕೇಂದ್ರ ಸರ್ಕಾರದ 'ಸ್ವಯಂ' 2017ರಲ್ಲಿ ಆರಂಭವಾಯಿತು. ಪಾಠ ಉಚಿತ, ಪ್ರಮಾಣಪತ್ರ ಬೇಕೆಂದರೆ ಪರೀಕ್ಷಾ ಶುಲ್ಕ ಕಟ್ಟಬೇಕು. ಕಾನ್ಪುರದ ಐ.ಐ.ಟಿ.ಯು ಕಾಮನ್‌ವೆಲ್ತ್ ಆಫ್ ಲರ್ನಿಂಗ್ ಜೊತೆಗೂಡಿ ಕೃಷಿ ವಿಷಯಗಳ ಕೋರ್ಸುಗಳನ್ನು ನಡೆಸಿದೆ. ಅಲ್ಲಿ ರೂಪಿಸಿದ 'ಮೂಕಿಟ್' ವ್ಯವಸ್ಥೆಯಲ್ಲಿ ಇಂಟರ್‌ನೆಟ್ ಸರಿಯಿಲ್ಲದವರು ಪಾಠದ ಧ್ವನಿಯನ್ನು ಸಾಮಾನ್ಯ ಫೋನ್ ಕರೆಯಲ್ಲೇ ಕೇಳುವ ಏರ್ಪಾಡಿದೆ. ವಿಸ್ತರಣಾ ಕಾರ್ಯಕರ್ತರಿಗೂ ಓದಿದ ಯುವ ರೈತರಿಗೂ ಇಂಥ ಕೋರ್ಸುಗಳಿಂದ ಲಾಭವುಂಟು. ಆದರೆ ಜಗತ್ತಿನಲ್ಲೆಲ್ಲ ಈ ಕೋರ್ಸುಗಳಿಗೆ ಒಂದೇ ಕಾಯಿಲೆ: ಸೇರುವವರು ಸಾವಿರಾರು, ಮುಗಿಸುವವರು ನೂರಕ್ಕೆ ಹತ್ತು-ಹದಿನೈದು ಮಂದಿ ದೊರೆತರೆ ಹೆಚ್ಚು. ಮೊದಲ ವಾರದ ಉತ್ಸಾಹ ಮೂರನೆಯ ವಾರ ಬಿತ್ತನೆಯ ಗಡಿಬಿಡಿಯಲ್ಲಿ ಕರಗುತ್ತದೆ. ಒಬ್ಬರೇ ಸೇರುವುದಕ್ಕಿಂತ ಹೋಬಳಿಯ ನಾಲ್ಕೈದು ಮಂದಿ ಒಟ್ಟಿಗೆ ಸೇರಿ, ವಾರಕ್ಕೊಂದು ಸಂಜೆ ರೈತ ಸಂಪರ್ಕ ಕೇಂದ್ರದಲ್ಲೋ ಹಾಲು ಉತ್ಪಾದಕರ ಸಂಘದಲ್ಲೋ ಕುಳಿತು ಪಾಠ ನೋಡುವುದು ಒಳ್ಳೆಯದು. ಸೇರುವ ಕಾಲವೂ ಸುಗ್ಗಿ ಮುಗಿದ ನಂತರದ್ದಾಗಿರಲಿ.

ಫೋನಿನಲ್ಲಿ ಬರುವ ಕೃಷಿ ವಿಡಿಯೋಗಳ ಬಗೆಗೆ ಒಂದು ಮಾತು. ಒಳ್ಳೆಯವು ಇಲ್ಲದಿಲ್ಲ. ಆದರೆ ಅನೇಕ ವಿಡಿಯೋಗಳಲ್ಲಿ ಬೆಳೆ ಯಾವ ಊರಿನದು, ಮಣ್ಣು ಯಾವುದು, ತಿಂಗಳು ಯಾವುದು ಎಂಬುದೇ ಇರುವುದಿಲ್ಲ. ಕೊನೆಯಲ್ಲಿ ಮಾತ್ರ ಒಂದು ಸೀಸೆಯ ಚಿತ್ರ ತಪ್ಪದೆ ಬರುತ್ತದೆ. ಹೇಳುವವರಿಗೇ ಮಾರುವುದೂ ಇದ್ದರೆ ಆ ಪಾಠವನ್ನು ಇನ್ನೊಬ್ಬರಲ್ಲಿ ವಿಚಾರಿಸದೆ ನಂಬಬಾರದು. ಔಷಧಿಯ ಹೆಸರು, ಪ್ರಮಾಣ, ಸಿಂಪಡಿಸಿದ ಎಷ್ಟು ದಿನಗಳ ಮೇಲೆ ಕೊಯ್ಲು ಎಂಬ ಮೂರೂ ಇಲ್ಲದ ಸಲಹೆಯನ್ನು ಹೊಲಕ್ಕೆ ಒಯ್ಯುವುದು ಬೇಡ.

ಸಂಶಯ ಬಂದಾಗ ಕಿಸಾನ್ ಕಾಲ್ ಸೆಂಟರ್ ಇದ್ದೇ ಇದೆ. 2004ರ ಜನವರಿಯಲ್ಲಿ ಆರಂಭವಾದ ಈ ಸೇವೆಯ ಸಂಖ್ಯೆ 1800-180-1551. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲಿ ಉಚಿತವಾಗಿ ಕೇಳಬಹುದು. 'ಗಿಡ ಒಣಗುತ್ತಿದೆ, ಏನು ಹೊಡೆಯಲಿ?' ಎಂದರೆ ಉತ್ತರಿಸುವವರಿಗೂ ಕಷ್ಟ. ತಳಿ, ಬಿತ್ತಿದ ದಿನ, ನೀರು ಕೊಟ್ಟದ್ದು ಯಾವಾಗ, ರೋಗ ಎಲೆಯ ಮೇಲಿದೆಯೋ ಕೆಳಗಿದೆಯೋ, ಇದುವರೆಗೆ ಸಿಂಪಡಿಸಿದ್ದೇನು ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಕರೆ ಮಾಡಿ. ಅರ್ಧ ರೋಗ ಆ ಚೀಟಿ ಬರೆಯುವಾಗಲೇ ಗೊತ್ತಾಗುತ್ತದೆ.

ಕಾರ್ಯಕರ್ತರು ಇನ್ನೊಂದನ್ನು ವಿಚಾರಿಸಬೇಕು: ಮನೆಯಲ್ಲಿ ಫೋನ್ ಯಾರ ಬಳಿ ಇರುತ್ತದೆ? ಮೇಕೆ, ಕೋಳಿ, ಹಿತ್ತಲ ತರಕಾರಿ ನೋಡಿಕೊಳ್ಳುವಾಕೆ ಮನೆಯೊಡತಿ. ಫೋನ್ ಮಾತ್ರ ಯಜಮಾನನ ಜೇಬಿನಲ್ಲಿ ಪೇಟೆಗೆ ಹೋಗಿರುತ್ತದೆ. ಹಗಲು ಹನ್ನೊಂದಕ್ಕೆ ಕಳುಹಿಸಿದ ಮೇಕೆಪಾಠ ಚಹದಂಗಡಿಯಲ್ಲಿ ಮುಗಿಯುತ್ತದೆ. ಇಂಥ ಮನೆಗಳಿಗೆ ಸಂಜೆ ಏಳರ ನಂತರ ಕಳುಹಿಸಿ, ಮರುಸಭೆಯಲ್ಲಿ ಕೇಳಿಸಿಕೊಂಡವರಾರೆಂದು ಆಕೆಯನ್ನೇ ಕೇಳಿ.

ಈ ವರ್ಷ ಯಾವುದಾದರೂ ಸಂಘದಲ್ಲಿ ಧ್ವನಿಪಾಠ ಆರಂಭಿಸುವವರು ಹದಿನೈದೇ ಪಾಠಗಳಿಂದ ಮೊದಲುಮಾಡಬಹುದು. ಮೊದಲಿನ ಕೆಲವನ್ನು ಮೇಕೆ ಈಯುವ ಕಾಲಕ್ಕೆ ಹೊಂದಿಸಿ. ಮೇಕೆಯ ಗಬ್ಬ ಸುಮಾರು 150 ದಿನ. ಹೋತಕ್ಕೆ ಬಿಟ್ಟ ದಿನವನ್ನು ಸದಸ್ಯೆಯರು ಬರೆದಿಟ್ಟಿದ್ದರೆ ಗಿಣ್ಣುಹಾಲಿನ ಪಾಠ ಯಾವ ವಾರ ಹೋಗಬೇಕೆಂಬುದು ತಾನಾಗಿ ತಿಳಿಯುತ್ತದೆ. ಕರುಳುಬೇನೆಯ ಲಸಿಕೆಯ ಪಾಠವನ್ನು ಮುಂಗಾರಿಗೆ ಮುನ್ನವೇ ಕಳುಹಿಸಿ, ಪಶು ಆಸ್ಪತ್ರೆಯಲ್ಲಿ ಲಸಿಕೆ ಇದೆಯೆಂದು ಮೊದಲು ಖಚಿತಪಡಿಸಿಕೊಂಡು. ಇಲ್ಲದ ಲಸಿಕೆಗಾಗಿ ಒಮ್ಮೆ ಮೇಕೆ ಹೊಡೆದುಕೊಂಡು ಬಂದು ಹಿಂದಿರುಗಿದವಳು ಮುಂದಿನ ಪಾಠ ಕೇಳುವುದಿಲ್ಲ. ಪಿ.ಪಿ.ಆರ್. ಲಸಿಕೆಯನ್ನು ಮರಿಗೆ ಮೂರು ತಿಂಗಳು ತುಂಬಿದ ಮೇಲೆ ಹಾಕಿಸುವುದು. ಒಮ್ಮೆ ಹಾಕಿಸಿದರೆ ಮೂರು ವರ್ಷ ರಕ್ಷಣೆ ದೊರೆಯುತ್ತದೆ. ಆ ದಿನಾಂಕವನ್ನು ಸಂಘದ ಪುಸ್ತಕದಲ್ಲಿ ಸಾಲದ ಕಂತಿನ ಪಕ್ಕದಲ್ಲೇ ಬರೆಯಿರಿ.